ಯಾವ ಪೂಲ್ ಸೇರಿದರೆ ಹೆಚ್ಚು ಸಿಗುತ್ತದೆ?

ನಾನು ಬಿಟ್‌ಕಾಯಿನ್ ಮೈನಿಂಗ್ ಮಾಡುತ್ತೇನೆಂದು ಗೊತ್ತಾದವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: “ನಾನೂ ಶುರು ಮಾಡಬೇಕೆಂದಿದ್ದೇನೆ, ಯಾವ ಪೂಲ್ ಸೇರಿದರೆ ಹೆಚ್ಚು ಸಿಗುತ್ತದೆ?” ಮೈನಿಂಗ್ ಎಂದರೆ ನಿಗದಿತ ಗುರಿ ಮುಟ್ಟುವ ಸಂಖ್ಯೆಯೊಂದು ಸಿಗುವ ತನಕ ಯಂತ್ರದಿಂದ ಊಹೆಯ ಮೇಲೆ ಊಹೆ ಮಾಡಿಸಿ, ಮೊದಲು ಮುಟ್ಟಿದವರು ಬಹುಮಾನ ಪಡೆಯುವ ಸ್ಪರ್ಧೆ; ಪೂಲ್ ಎಂದರೆ ಹಲವರು ತಮ್ಮ ಯಂತ್ರಗಳ ಬಲ ಒಟ್ಟುಗೂಡಿಸಿ ಆ ಬಹುಮಾನ ಹಂಚಿಕೊಳ್ಳುವ ಕೂಟ. ಪೂಲ್ ಯಾರ ಗಳಿಕೆಯನ್ನೂ ಹೆಚ್ಚಿಸುವುದಿಲ್ಲ, ತನ್ನ ಶುಲ್ಕ ಮುರಿದುಕೊಳ್ಳುವುದರಿಂದ ತುಸು ಕಡಿಮೆಯೇ ಮಾಡುತ್ತದೆ. ಎಂದೋ ಒಮ್ಮೆ ಬರಬಹುದಾದ, ಬಾರದೆಯೂ ಹೋಗಬಹುದಾದ ದೊಡ್ಡ ಮೊತ್ತವನ್ನು ದಿನದಿನವೂ ಬರುವ ಚಿಲ್ಲರೆಯನ್ನಾಗಿ ಒಡೆದು ಕೊಡುವುದಷ್ಟೇ ಅದರ ಕೆಲಸ.

ಲೆಕ್ಕ ಹಾಕಿ ನೋಡೋಣ. ಬಿಟ್‌ಕಾಯಿನ್ ಜಾಲದಲ್ಲಿ ಸರಾಸರಿ ಹತ್ತು ನಿಮಿಷಕ್ಕೊಂದು, ಅಂದರೆ ದಿನಕ್ಕೆ 144 ಬ್ಲಾಕ್‌ಗಳು (ವಹಿವಾಟುಗಳ ಕಟ್ಟುಗಳು) ಸಿದ್ಧವಾಗುತ್ತವೆ. 2024ರ ಏಪ್ರಿಲ್‌ನಿಂದ ಪ್ರತಿ ಬ್ಲಾಕ್‌ಗೆ 3.125 ಬಿಟ್‌ಕಾಯಿನ್ ಬಹುಮಾನವಿದೆ. ನಿಮ್ಮ ಬಳಿ ಸೆಕೆಂಡಿಗೆ 100 ಟೆರಾಹ್ಯಾಶ್, ಅಂದರೆ ನೂರು ಲಕ್ಷ ಕೋಟಿ ಹ್ಯಾಶ್ (ಊಹೆ) ಮಾಡುವ ಯಂತ್ರವಿದೆ, ಇಡೀ ಜಾಲದ ಬಲ 800 ಎಕ್ಸಾಹ್ಯಾಶ್ (ಒಂದು ಎಕ್ಸಾಹ್ಯಾಶ್ ಎಂದರೆ ಹತ್ತು ಲಕ್ಷ ಟೆರಾಹ್ಯಾಶ್) ಎಂದು ಇಟ್ಟುಕೊಂಡರೆ, ನಿಮ್ಮ ಪಾಲು 80 ಲಕ್ಷದಲ್ಲಿ ಒಂದು. ಒಬ್ಬರೇ ಮೈನಿಂಗ್ ಮಾಡಿದರೆ ಸರಾಸರಿ 152 ವರ್ಷಕ್ಕೊಂದು ಬ್ಲಾಕ್ ಸಿಗಬೇಕು. ಹಾಗೆಂದು ಅಷ್ಟು ವರ್ಷ ಕಾದವರಿಗೆ ಸಿಕ್ಕೇ ಸಿಗುತ್ತದೆ ಎಂದೂ ಅಲ್ಲ. ಪ್ರತಿಯೊಂದು ಹ್ಯಾಶ್ ಕೂಡ ಹೊಸ ಪ್ರಯತ್ನ, ಹಿಂದಿನ ಶ್ರಮ ಯಾವ ಖಾತೆಗೂ ಜಮೆಯಾಗುವುದಿಲ್ಲ. ಆದ್ದರಿಂದ 152 ವರ್ಷಗಳ ಕೊನೆಗೂ ಬರಿಗೈಯಲ್ಲಿ ಉಳಿಯುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಹೆಚ್ಚಿದೆ. ಅದೇ ಯಂತ್ರವನ್ನು ಪೂಲ್‌ಗೆ ಜೋಡಿಸಿದರೆ, ಇಡೀ ಜಾಲದಲ್ಲಿ ದಿನಕ್ಕೆ ಹಂಚಿಕೆಯಾಗುವ 450 ಬಿಟ್‌ಕಾಯಿನ್‌ನಲ್ಲಿ ನಿಮ್ಮ ಪಾಲು ಸುಮಾರು 5,625 ಸತೋಶಿ. ಒಂದು ಬಿಟ್‌ಕಾಯಿನ್‌ಗೆ ಹತ್ತು ಕೋಟಿ ಸತೋಶಿ ಎಂಬುದನ್ನು ನೆನಪಿಟ್ಟರೆ ಈ ಮೊತ್ತದ ಗಾತ್ರ ತಿಳಿಯುತ್ತದೆ.

ಈ ಕಾಯುವಿಕೆಯನ್ನು ತಪ್ಪಿಸಲೆಂದೇ 2010ರ ಕೊನೆಯಲ್ಲಿ ಜೆಕ್ ದೇಶದ ಮಾರೆಕ್ ಪಲಾಟಿನಸ್ ಮೊದಲ ಸಾರ್ವಜನಿಕ ಪೂಲ್ ಆರಂಭಿಸಿದರು. ಸ್ಲಶ್ ಪೂಲ್ ಎಂದು ಹೆಸರಾದ ಅದು ಈಗ ಬ್ರೈನ್ಸ್ ಪೂಲ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಯಾರು ಎಷ್ಟು ದುಡಿದರು ಎಂದು ಪೂಲ್ ತಿಳಿಯುವ ಬಗೆ ನನಗೆ ಇಂದಿಗೂ ಸೊಗಸಾಗಿ ಕಾಣುತ್ತದೆ. ನಿಜವಾದ ಬ್ಲಾಕ್‌ಗೆ ಬೇಕಾದ ಗುರಿಗಿಂತ ಬಹಳ ಸುಲಭವಾದ ಗುರಿಯೊಂದನ್ನು ಅದು ನಿಮ್ಮ ಯಂತ್ರಕ್ಕೆ ಕೊಡುತ್ತದೆ; ಆ ಗುರಿ ಮುಟ್ಟಿದ ಪ್ರತಿ ಹ್ಯಾಶ್ ಒಂದು ‘ಶೇರ್’. ಶೇರ್‌ಗೆ ತನ್ನದೇ ಬೆಲೆಯಿಲ್ಲ, ಅದು ದುಡಿದುದಕ್ಕೆ ಪುರಾವೆ ಮಾತ್ರ. ಹತ್ತು ಸೆಕೆಂಡಿಗೊಂದು ಶೇರ್ ಬರುವಂತೆ ಮಾಡಲು ನಿಮ್ಮ ನೂರು ಟೆರಾಹ್ಯಾಶ್ ಯಂತ್ರಕ್ಕೆ ಸುಮಾರು 2.3 ಲಕ್ಷದ ಡಿಫಿಕಲ್ಟಿ (ಗುರಿ ಎಷ್ಟು ಕಷ್ಟವೆಂಬುದರ ಅಳತೆ) ಬೇಕು. ಸಣ್ಣ ಯಂತ್ರಕ್ಕೆ ಪೂಲ್ ತಾನಾಗಿಯೇ ಇದನ್ನು ಇಳಿಸುತ್ತದೆ. ಕೋಟಿಗಟ್ಟಲೆ ಶೇರ್‌ಗಳ ನಡುವೆ ಅಪರೂಪಕ್ಕೊಂದು ನಿಜವಾದ ಬ್ಲಾಕ್‌ನ ಗುರಿಯನ್ನೂ ಮುಟ್ಟಿಬಿಡುತ್ತದೆ. “ಅದು ನನ್ನ ಯಂತ್ರದಲ್ಲೇ ಸಿಕ್ಕರೆ ನಾನೇ ಏಕೆ ಇಟ್ಟುಕೊಳ್ಳಬಾರದು?” ಎಂದು ಕೇಳುವ ಚುರುಕಿನವರೂ ಇದ್ದಾರೆ. ಆಗದು: ಬಹುಮಾನ ಯಾರಿಗೆ ಹೋಗಬೇಕೆಂಬ ವಿಳಾಸವನ್ನು ಪೂಲ್ ಮೊದಲೇ ಬ್ಲಾಕ್‌ನೊಳಗೆ ಬರೆದಿರುತ್ತದೆ, ಅದನ್ನು ತಿದ್ದಿದರೆ ಹ್ಯಾಶ್ ಬದಲಾಗಿ ಸಿಕ್ಕಿದ್ದೂ ಕೈತಪ್ಪುತ್ತದೆ.

ಪೂಲ್‌ಗಳ ನಡುವಿನ ನಿಜವಾದ ವ್ಯತ್ಯಾಸ ಹಣ ಹಂಚುವ ರೀತಿಯಲ್ಲಿದೆ. ಪಿಪಿಎಸ್ (ಪೇ ಪರ್ ಶೇರ್) ಪದ್ಧತಿಯಲ್ಲಿ ಪೂಲ್‌ಗೆ ಬ್ಲಾಕ್ ಸಿಗಲಿ ಬಿಡಲಿ, ಪ್ರತಿ ಶೇರ್‌ಗೂ ನಿಗದಿತ ಮೊತ್ತ ನಿಮಗೆ ಬರುತ್ತದೆ. ಬಿಟ್‌ಕಾಯಿನ್ ಕಳಿಸುವವರು ಕೊಡುವ ವಹಿವಾಟಿನ ಶುಲ್ಕದ ಪಾಲನ್ನೂ ಸೇರಿಸಿ ಕೊಟ್ಟರೆ ಅದು ಎಫ್‌ಪಿಪಿಎಸ್ (ಫುಲ್ ಪೇ ಪರ್ ಶೇರ್). ಅದೃಷ್ಟ ಕೈಕೊಟ್ಟ ದಿನದ ನಷ್ಟವನ್ನು ಪೂಲ್ ಹೊರುವುದರಿಂದ ಇದರಲ್ಲಿ ಸಾಮಾನ್ಯವಾಗಿ ಶುಲ್ಕ ಹೆಚ್ಚು. ಪಿಪಿಎಲ್‌ಎನ್‌ಎಸ್‌ನಲ್ಲಿ (ಪೇ ಪರ್ ಲಾಸ್ಟ್ ಎನ್ ಶೇರ್ಸ್) ಬ್ಲಾಕ್ ಸಿಕ್ಕಾಗ ಮಾತ್ರ ಹಂಚಿಕೆ; ಕೊನೆಯ ಇಂತಿಷ್ಟು ಶೇರ್‌ಗಳಲ್ಲಿ ನಿಮ್ಮವೆಷ್ಟು ಎಂಬುದರ ಮೇಲೆ ಪಾಲು. ಶುಲ್ಕ ಕಡಿಮೆಯಿದ್ದರೂ ಆದಾಯ ಏರಿಳಿಯುತ್ತದೆ, ಇಂದು ಇಲ್ಲಿ ನಾಳೆ ಅಲ್ಲಿ ಎಂದು ಅಲೆಯುವವರಿಗೆ ಇದು ಹೊಂದುವುದಿಲ್ಲ. ಹೊಸಬರು ಎಫ್‌ಪಿಪಿಎಸ್‌ನಿಂದ ಆರಂಭಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಗಳಿಕೆ ಕಡಿಮೆಯಾದ ದಿನ ದೋಷ ಯಂತ್ರದ್ದೋ ಅದೃಷ್ಟದ್ದೋ ಎಂದು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಶುಲ್ಕದ ಶೇಕಡಾವಾರು ಹೋಲಿಸಿ ನೋಡುವವರು ಕನಿಷ್ಠ ಪಾವತಿಯ ಮಿತಿಯನ್ನು ಮರೆಯುತ್ತಾರೆ. ಪೂಲ್‌ನಲ್ಲಿ ಕೂಡಿದ ಮೊತ್ತ ಆ ಮಿತಿ ಮುಟ್ಟುವ ತನಕ ನಿಮ್ಮ ವಾಲೆಟ್‌ಗೆ ಬರುವುದಿಲ್ಲ. ಮಿತಿ 0.001 ಬಿಟ್‌ಕಾಯಿನ್, ಅಂದರೆ ಒಂದು ಲಕ್ಷ ಸತೋಶಿ ಇದ್ದರೆ, ಮೇಲೆ ಹೇಳಿದ ಯಂತ್ರಕ್ಕೆ ಸುಮಾರು 18 ದಿನ ಸಾಕು. ಮೇಜಿನ ಮೇಲಿಡುವ ಒಂದು ಟೆರಾಹ್ಯಾಶ್‌ನ ಪುಟ್ಟ ಯಂತ್ರಕ್ಕೆ ದಿನಕ್ಕೆ 56 ಸತೋಶಿ. ಅದು ಒಂದು ಲಕ್ಷ ಮುಟ್ಟುವಷ್ಟರಲ್ಲಿ ಐದು ವರ್ಷ ಹತ್ತಿರವಾಗಿರುತ್ತದೆ. ಅಂಥ ಯಂತ್ರ ಇಟ್ಟುಕೊಂಡವರು ಬಿಟ್‌ಕಾಯಿನ್ ಮೇಲೆ ಸಣ್ಣ ಪಾವತಿಗಳಿಗೆಂದೇ ಕಟ್ಟಿದ ಲೈಟ್ನಿಂಗ್ ಜಾಲದ ಮೂಲಕ ಸಣ್ಣ ಮೊತ್ತವನ್ನೂ ಕಳಿಸುವ ಪೂಲ್ ಹುಡುಕಬೇಕು, ಇಲ್ಲವೇ ಅದನ್ನು ಕಲಿಕೆಯ ಸಾಧನವೆಂದು ಒಪ್ಪಿಕೊಳ್ಳಬೇಕು.

ಸೇರುವ ಕ್ರಮ ಸರಳ. ಪೂಲ್ ಕೊಡುವ ಸ್ಟ್ರಾಟಮ್ ವಿಳಾಸ (ನಿಮ್ಮ ಯಂತ್ರ ಸಂಪರ್ಕಿಸಬೇಕಾದ ಸರ್ವರ್‌ನ ವಿಳಾಸ) ಮತ್ತು ಪೋರ್ಟ್ ಸಂಖ್ಯೆ, ನಿಮ್ಮ ಖಾತೆಯ ಹೆಸರಿನ ನಂತರ ಒಂದು ಚುಕ್ಕಿ ಹಾಕಿ ಯಂತ್ರಕ್ಕೆ ನೀವಿಟ್ಟ ಹೆಸರು, ಇಷ್ಟನ್ನು ಯಂತ್ರದಲ್ಲಿ ತುಂಬಬೇಕು; ಪಾಸ್‌ವರ್ಡ್‌ನ ಜಾಗದಲ್ಲಿ ಬಹುತೇಕ ಏನು ಬರೆದರೂ ನಡೆಯುತ್ತದೆ. ನಾನು ಎಡವಿದ್ದು ಸರ್ವರ್ ಆಯ್ಕೆಯಲ್ಲಿ. ಪಟ್ಟಿಯಲ್ಲಿ ಮೊದಲಿಗಿದ್ದ ವಿಳಾಸವನ್ನು ಕಣ್ಣುಮುಚ್ಚಿ ಹಾಕಿದೆ. ಅದು ಬೇರೊಂದು ಖಂಡದಲ್ಲಿತ್ತು. ಯಂತ್ರ ಪೂರ್ಣ ವೇಗದಲ್ಲಿ ಓಡುತ್ತಿದ್ದರೂ ಪೂಲ್‌ನ ಪುಟದಲ್ಲಿ ವೇಗ ಕಡಿಮೆ ಕಾಣುತ್ತಿತ್ತು, ‘ಸ್ಟೇಲ್’ ಎಂಬ ಅಂಕಿ ಏರುತ್ತಲೇ ಇತ್ತು. ಹೊಸ ಬ್ಲಾಕ್ ಬಂದ ಸುದ್ದಿ ತಡವಾಗಿ ತಲುಪಿದಾಗ ಯಂತ್ರ ಹಳೆಯ ಬ್ಲಾಕ್‌ನ ಮೇಲೆಯೇ ದುಡಿಯುತ್ತಿರುತ್ತದೆ, ಆ ಶೇರ್‌ಗಳಿಗೆ ಕಾಸೂ ಸಿಗುವುದಿಲ್ಲ. ಹತ್ತಿರದ ಸರ್ವರ್‌ಗೆ ಬದಲಾಯಿಸಿದ ಮೇಲೆ ಸಮಸ್ಯೆ ತೀರಿತು, ಆದರೆ ಒಂದು ವಾರದ ವಿದ್ಯುತ್ ದಂಡವಾಗಿತ್ತು.

ವಿದ್ಯುತ್ ಎಂದೆ, ನಿಜಕ್ಕೂ ಪೂಲ್‌ಗಿಂತ ಮೊದಲು ಯೋಚಿಸಬೇಕಾದದ್ದು ಅದನ್ನೇ. ಮೂರು ಕಿಲೋವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 72 ಯೂನಿಟ್ ನುಂಗುತ್ತದೆ. ನಿಮ್ಮ ದರದಲ್ಲಿ 72 ಯೂನಿಟ್‌ನ ಬೆಲೆಯನ್ನೂ 5,625 ಸತೋಶಿಯ ಬೆಲೆಯನ್ನೂ ಒಂದರ ಪಕ್ಕ ಒಂದು ಬರೆದು ನೋಡಿ. ಬಿಲ್ಲು ಕಟ್ಟಿದ ಮೇಲೆ ಆ ಗಳಿಕೆಯಲ್ಲಿ ಏನೂ ಉಳಿಯದೆಯೂ ಹೋಗಬಹುದು. ಮೊದಲ ಸಂಖ್ಯೆಯೇ ದೊಡ್ಡದಾಗಿದ್ದರೆ ಯಾವ ಪೂಲ್‌ನಿಂದಲೂ ಅದು ಸರಿಹೋಗದು. ಜೊತೆಗೆ ಪ್ರತಿ 2,016 ಬ್ಲಾಕ್‌ಗೊಮ್ಮೆ, ಅಂದರೆ ಸುಮಾರು ಎರಡು ವಾರಕ್ಕೊಮ್ಮೆ ಜಾಲದ ಡಿಫಿಕಲ್ಟಿ ಮರುಹೊಂದಿಕೆಯಾಗುವುದರಿಂದ ಇಂದಿನ ಲೆಕ್ಕ ಮುಂದಿನ ತಿಂಗಳಿಗೆ ನಿಲ್ಲುವುದಿಲ್ಲ. ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಈಥರ್ ಮೈನಿಂಗ್ ಮಾಡುವ ವಿಧಾನವನ್ನು ಕಲಿಸುವ ಹಳೆಯ ವಿಡಿಯೊಗಳನ್ನು ನಂಬಿ ಬರುವವರೂ ಇದ್ದಾರೆ. ಈಥರ್ ನಾಣ್ಯದ ಜಾಲವಾದ ಇಥೀರಿಯಮ್ 2022ರ ಸೆಪ್ಟೆಂಬರ್‌ನಲ್ಲೇ ಮೈನಿಂಗ್ ನಿಲ್ಲಿಸಿದೆ.

ಅತಿ ದೊಡ್ಡ ಪೂಲ್ ಸೇರಿದರೆ ಹೆಚ್ಚು ಸಿಗುತ್ತದೆಂಬುದೂ ಭ್ರಮೆ: ಬ್ಲಾಕ್ ಬೇಗ ಬೇಗ ಸಿಗುತ್ತದೆ, ಪಾಲು ಅದಕ್ಕೆ ತಕ್ಕಂತೆ ಸಣ್ಣದಾಗುತ್ತದೆ. 2014ರ ಜೂನ್‌ನಲ್ಲಿ ಜಿಹ್ಯಾಶ್ ಡಾಟ್ ಐಓ ಎಂಬ ಪೂಲ್ ಸ್ವಲ್ಪ ಕಾಲ ಜಾಲದ ಅರ್ಧಕ್ಕಿಂತ ಹೆಚ್ಚು ಬಲ ಹಿಡಿದಾಗ, ಅಷ್ಟು ಬಲವಿದ್ದವರು ತಮ್ಮದೇ ಪಾವತಿಯನ್ನು ರದ್ದುಮಾಡಿ ಅದೇ ನಾಣ್ಯವನ್ನು ಮತ್ತೆ ಖರ್ಚು ಮಾಡಬಲ್ಲರು ಎಂಬ ಭಯ ಎದ್ದಿತ್ತು. ಮಧ್ಯಮ ಗಾತ್ರದ, ತನಗೆ ಸಿಕ್ಕ ಬ್ಲಾಕ್‌ಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಡುವ ಪೂಲ್ ನನಗೆ ಇಷ್ಟ.

ಮುಂಗಡ ಠೇವಣಿ ಕೇಳುವ, ದಿನಕ್ಕಿಷ್ಟು ಲಾಭ ಖಚಿತವೆನ್ನುವ, ಅಥವಾ ವಾಲೆಟ್‌ನ ರಹಸ್ಯ ಪದಗಳನ್ನು ಬೇಡುವ ಯಾವುದೂ ಪೂಲ್ ಅಲ್ಲ. ಪೂಲ್‌ಗೆ ಬೇಕಾದದ್ದು ಹಣ ಕಳಿಸಲು ನಿಮ್ಮ ವಿಳಾಸ ಮಾತ್ರ. ಆ ವಿಳಾಸವನ್ನು ಅಕ್ಷರಕ್ಕಕ್ಷರ ಪರಿಶೀಲಿಸಿ, ಒಂದು ದಿನ ಪೂರ್ತಿ ಓಡಿಸಿ, ಯಂತ್ರ ತೋರುವ ವೇಗವೂ ಪೂಲ್ ತೋರುವ ಸರಾಸರಿಯೂ ಹತ್ತಿರ ಹತ್ತಿರ ಇವೆಯೇ ನೋಡಿ. ಮೊದಲ ಪಾವತಿ ನಿಮ್ಮ ವಾಲೆಟ್‌ಗೆ ಬಂದು ಸೇರುವ ತನಕ ಎರಡನೆಯ ಯಂತ್ರ ಕೊಳ್ಳಬೇಡಿ.