ಕಬ್ಬನ್ ಅಂದ್ರೆ ಏನು? ಎಲ್ಲರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಊರಿಂದ ಬಂದ ನೆಂಟರನ್ನ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಕರ್ಕೊಂಡು ಹೋದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಇಲ್ಲಿ ಮುಂಚೆ ಕಬ್ಬು ಬೆಳೀತಿದ್ರಾ?" ಅಂತ. ಮಂಡ್ಯದ ನಮ್ಮ ಚಿಕ್ಕಪ್ಪನೂ ಕೇಳಿದ್ರು. ಇಲ್ಲ ಚಿಕ್ಕಪ್ಪ, ಮಾರ್ಕ್ ಕಬ್ಬನ್ ಅಂತ ಒಬ್ರಿದ್ರು, 1834ರಿಂದ 1861ರವರೆಗೆ ಮೈಸೂರು ಸೀಮೆಗೆ ಕಮಿಷನರ್ ಆಗಿದ್ರು, ಅವರ ಹೆಸರು ಅಂದೆ. ಅವರು ಬಿಡ್ಲಿಲ್ಲ, "ಸರಿ ಕಣಪ್ಪ, ಆ ಕಬ್ಬನ್ ಅಂದ್ರೆ ಏನು?" ಅಂದ್ರು. ನಂಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ನಾವು ಇದನ್ನ ಇಂಗ್ಲಿಷ್ ಹೆಸರು ಅಂದ್ಕೊಂಡಿದೀವಿ, ಆದ್ರೆ ಇಂಗ್ಲೆಂಡಲ್ಲೇ ಇದು ಅಪರೂಪ. ಇದರ ತವರು ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಸಮುದ್ರದಲ್ಲಿರೋ ಐಲ್ ಆಫ್ ಮ್ಯಾನ್ ಅನ್ನೋ ದ್ವೀಪ, ಬರೀ 572 ಚದರ ಕಿಲೋಮೀಟರ್. ಅಲ್ಲಿಯ ಭಾಷೆ ಮ್ಯಾಂಕ್ಸ್, ಐರಿಶ್‌ಗೆ ಒಡಹುಟ್ಟಿದ್ದು. ಆ ಭಾಷೇಲಿ ಮ್ಯಾಕ್ ಅಂದ್ರೆ ಮಗ, ಹಾಗಾಗಿ ಗಿಬ್ಬನ್ ಅನ್ನೋನ ಮಗ ಮ್ಯಾಕ್ ಗಿಬ್ಬನ್. ಗಿಬ್ಬನ್ ಅನ್ನೋದು ಗಿಲ್ಬರ್ಟ್ ಹೆಸರಿನ ಮುದ್ದಿನ ರೂಪ, ನಮ್ಮಲ್ಲಿ ವೆಂಕಟೇಶ ವೆಂಕಿ ಆದ ಹಾಗೆ.

ಈಗ ಮ್ಯಾಕ್ ಗಿಬ್ಬನ್, ಮ್ಯಾಕ್ ಗಿಬ್ಬನ್ ಅಂತ ಬಾಯಿಬಿಟ್ಟು ಬೇಗ ಬೇಗ ಹೇಳಿ ನೋಡಿ. ನಾಲಿಗೆಗೆ ಕ್ ಆದ್ಮೇಲೆ ತಕ್ಷಣ ಗಿ ಹೇಳೋಕೆ ಆಗಲ್ಲ, ಎರಡೂ ಸೇರಿ ಒಂದೇ ಆಗ್ಬಿಡುತ್ತೆ. ನಾವು ಸ್ಕೂಲಲ್ಲಿ ಓದಿದ ಆದೇಶ ಸಂಧಿ ನೆನಪಿದ್ಯಾ, ಮಳೆ ಕಾಲ ಸೇರಿ ಮಳೆಗಾಲ, ಅಲ್ಲಿ ಕ ಹೋಗಿ ಗ ಬಂತು, ಇಲ್ಲಿ ಅದರ ಉಲ್ಟಾ, ಗ ಹೋಗಿ ಕ ಉಳೀತು. 17ನೇ ಶತಮಾನದ ಹೊತ್ತಿಗೆ ಆ ದ್ವೀಪದ ಹೆಸರುಗಳಲ್ಲಿ ಮುಂದಿದ್ದ ಮ್ಯಾ ಉದುರಿಹೋಗಿ ಕೊನೆಯ ಕ್ ಮಾತ್ರ ಹೆಸರಿಗೆ ಅಂಟ್ಕೊಂಡಿತ್ತು. ಇದೊಂದೇ ಹೆಸರಲ್ಲ, ಮ್ಯಾಕ್ ಐಸಾಕ್ ಹೋಗಿ ಕಿಸಾಕ್, ಮ್ಯಾಕ್ ವಿಲಿಯಂ ಹೋಗಿ ಕ್ವಿಲಿಯಂ, ಮ್ಯಾಕ್ ಡರ್ಮಟ್ ಹೋಗಿ ಕರ್ಮೋಡ್. ಅಲ್ಲಿಯ ಹಳೇ ಮನೆತನಗಳ ಹೆಸರು ಅಷ್ಟೊಂದು ಕ ಇಂದ ಶುರುವಾಗೋದು ಇದಕ್ಕೇನೇ.

ಅಂದ್ರೆ ಕಬ್ಬನ್‌ನಲ್ಲಿರೋ ಆ ಕ ಇದೆಯಲ್ಲ, ಅದು ಮಗ ಅನ್ನೋ ಪದದಲ್ಲಿ ಉಳಿದ ಚೂರು. ನಾವು ಅಪ್ಪನ ಹೆಸರನ್ನ ಒಂದಕ್ಷರ ಮಾಡಿ ಇನಿಷಿಯಲ್ ಅಂತ ಮುಂದೆ ಇಟ್ಕೋತೀವಿ, ಅವರು ಅಪ್ಪನ ಹೆಸರು ಪೂರ್ತಿ ಉಳಿಸ್ಕೊಂಡು ಮಗನನ್ನ ಒಂದಕ್ಷರ ಮಾಡಿದ್ರು. ಇದು ಗೊತ್ತಾದ ದಿನ ನಂಗೆ ಆಗಿದ್ದ ಖುಷಿ ಇವತ್ತಿಗೂ ಕಮ್ಮಿಯಾಗಿಲ್ಲ.

ಮಾರ್ಕ್ ಕಬ್ಬನ್ ಹುಟ್ಟಿದ್ದು ಆ ದ್ವೀಪದ ಮಾಗೋಲ್ಡ್ ಅನ್ನೋ ಊರಲ್ಲಿ, ಅಪ್ಪ ಅಲ್ಲಿಯ ಚರ್ಚಿನ ಪಾದ್ರಿ. 1800ರಲ್ಲಿ ಮದ್ರಾಸ್ ಸೈನ್ಯ ಸೇರಿದೋರು, ವಯಸ್ಸಾದ್ಮೇಲೆ 1861ರಲ್ಲಿ ವಾಪಸ್ ಊರಿಗೆ ಹೊರಟ್ರು, ದಾರೀಲೇ ಸೂಯೆಜ್‌ನಲ್ಲಿ ತೀರ್ಕೊಂಡ್ರು. ದೇಹನ ಮಾಗೋಲ್ಡ್‌ಗೆ ತಗೊಂಡು ಹೋಗಿ ಅಲ್ಲೇ ಮಣ್ಣು ಮಾಡಿದ್ರು. 2020ರಲ್ಲಿ ಹೈಕೋರ್ಟ್ ಆವರಣದಿಂದ ಪಾರ್ಕಿನೊಳಗೆ ತಂದು ನಿಲ್ಲಿಸಿದ ಕುದುರೆ ಮೇಲಿನ ಪ್ರತಿಮೆ ಅವರದ್ದೇ. ಚಿಕ್ಕಪ್ಪ ಅದನ್ನ ತಲೆಯೆತ್ತಿ ನೋಡಿ, "ಗಿಬ್ಬನ್ನನ ಮಗ" ಅಂದ್ರು.