ಈ ವಯಸ್ಸಲ್ಲೂ ವಿಡಿಯೋ ಗೇಮಾ?

"ಏನ್ ಸಾರ್, ಈ ವಯಸ್ಸಲ್ಲೂ ವಿಡಿಯೋ ಗೇಮಾ?"

ಹೌದು. ಉತ್ತರ ಅಷ್ಟೇ. ಇನ್ನು ಮುಂದಿನದ್ದೆಲ್ಲ ಆ ‘ಲೂ’ ಬಗ್ಗೆ.

ನಿವೃತ್ತ ಮನುಷ್ಯ ಬೆಳಗ್ಗೆ ಐದಕ್ಕೆದ್ದು ಪಾರ್ಕು ಸುತ್ತಿದರೆ ‘ಈ ವಯಸ್ಸಲ್ಲೂ ಎಷ್ಟು ಚುರುಕು ನೋಡಿ’ ಅನ್ನುತ್ತಾರೆ. ಅದೇ ಮನುಷ್ಯ ಸಂಜೆ ಗೇಮ್ ಆಡಿಸುವ ಕಂಟ್ರೋಲರ್ ಹಿಡಿದರೂ ಅದೇ ‘ಈ ವಯಸ್ಸಲ್ಲೂ’, ಆದರೆ ರಾಗ ಬೇರೆ. ಕ್ಲಬ್ಬಿನಲ್ಲಿ ನಾಲ್ಕು ಜನ ರಮ್ಮಿಗೆ ಕೂತು ರಾತ್ರಿ ಹತ್ತು ಹೊಡೆಸಿದರೆ ಅದು ಸ್ನೇಹಕೂಟ. ಸಾಲಾಗಿ ಐದು ಧಾರಾವಾಹಿ ನೋಡಿದರೆ ವಿಶ್ರಾಂತಿ. ಕಂಟ್ರೋಲರ್ ಕಂಡರೆ ಮಾತ್ರ ‘ಮೊಮ್ಮಗಂದಾ?’ ಅಂತ ಕೇಳಬೇಕು ಅನ್ನಿಸುತ್ತದೆ. ಅಲ್ಲ, ಮೊಮ್ಮಗಂದಲ್ಲ. ಅವನು ಮುಟ್ಟುವ ಮೊದಲು ಕೈ ತೊಳೆದು ಬರಬೇಕು.

ಇನ್ನು ಕೆಲವರು ಸಮಾಧಾನ ಹೇಳುತ್ತಾರೆ: ‘ಹೊತ್ತು ಕಳೆಯೋಕೆ ಏನಾದ್ರೂ ಬೇಕಲ್ವಾ ಬಿಡಿ.’ ಇದು ಇನ್ನೂ ಕೆಟ್ಟದ್ದು. ಹೊತ್ತು ಕಳೆಯುವುದಕ್ಕೆ ಫ್ಯಾನು ನೋಡುತ್ತ ಮಲಗಿದರೂ ಆಗುತ್ತದೆ. ಉದಾಹರಣೆಗೆ ಸ್ಟಾರ್‌ಡ್ಯೂ ವ್ಯಾಲಿ ಅನ್ನುವ ಆಟ ತೆಗೆದುಕೊಳ್ಳಿ. 2016ರಲ್ಲಿ ಬಂದದ್ದು, ಚಿತ್ರ, ಸಂಗೀತ, ಕೋಡು ಎಲ್ಲ ಒಬ್ಬನೇ ಮನುಷ್ಯ ಮಾಡಿದ್ದು. ಬೇಸಾಯದ ಆಟ. ಒಂದೊಂದು ಋತುವಿಗೆ 28 ದಿನ, ನಾಲ್ಕು ಋತು ಸೇರಿದರೆ ಒಂದು ವರ್ಷ. ಹೂಕೋಸು ಕೊಯ್ಲಿಗೆ ಬರಲು 12 ದಿನ ಬೇಕು. ಹಾಗಾಗಿ ವಸಂತದ 16ನೇ ತಾರೀಖು ನೆಟ್ಟರೆ 28ಕ್ಕೆ ಕೈಗೆ ಬರುತ್ತದೆ. 17ಕ್ಕೆ ನೆಟ್ಟರೆ, ಗೊಬ್ಬರ ಹಾಕಿ ಬೇಗ ಬೆಳೆಸದಿದ್ದರೆ, ಋತು ತಿರುಗಿದ ಬೆಳಗ್ಗೆ ಅಷ್ಟೂ ಒಣಗಿ ನಿಂತಿರುತ್ತದೆ. 16ಕ್ಕೇ ನೆಟ್ಟು ಮಧ್ಯೆ ಒಂದು ದಿನ ನೀರು ತಪ್ಪಿಸಿದರೂ ಅದೇ ಗತಿ. ಒಳ್ಳೆಯ ದರ್ಜೆಯ ಸ್ಪ್ರಿಂಕ್ಲರ್ ಒಂದು ಸುತ್ತಲಿನ ಎಂಟು ಚೌಕಕ್ಕೆ ನೀರುಣಿಸುತ್ತದೆ, ಕೀಳು ದರ್ಜೆಯದು ನಾಲ್ಕಕ್ಕೆ ಮಾತ್ರ. ಮಡಿ ಹಾಕುವಾಗಲೇ ಈ ಲೆಕ್ಕ ಹಾಕಿಕೊಳ್ಳದಿದ್ದರೆ ಅರ್ಧ ದಿನ ನೀರಿನ ಡಬ್ಬ ಹೊತ್ತೇ ಮುಗಿಯುತ್ತದೆ. ಹದ ನೋಡಿ ಬಿತ್ತಬೇಕು ಅಂತ ಹಳ್ಳಿಯಲ್ಲಿ ಹೇಳುವ ಮಾತು ಇಲ್ಲಿಯೂ ನಡೆಯುತ್ತದೆ. ಇದರಲ್ಲಿ ಕಳೆಯುವುದಕ್ಕೆ ಹೊತ್ತಿಲ್ಲ, ಕೀಳುವುದಕ್ಕೆ ಕಳೆ ಬೇಕಾದಷ್ಟಿದೆ.

ಆದರೆ ಈ ಪ್ರಶ್ನೆ ಕೇಳುವವರೇ ಕುರ್ಚಿಯಲ್ಲಿ ಕೂತು ಕಾಫಿ ಮುಗಿಸುವ ಹೊತ್ತಿಗೆ ಬೇರೆ ಪಟ್ಟಿ ಬಿಚ್ಚುತ್ತಾರೆ. ಮೊಮ್ಮಕ್ಕಳ ಜೊತೆ ಆಡೋಣವೆಂದರೆ ಕೈ ಓಡಲ್ಲ. ಟಿವಿಯಲ್ಲಿ ಮಾತು ಕೇಳಿಸಲ್ಲ. ಸಿನಿಮಾ ನೋಡಿದರೆ ಕತ್ತು ನೋವು. ಕೊನೆಗೆ ‘ವಯಸ್ಸಾಯ್ತಲ್ಲ’ ಅಂತ ಷರಾ ಬರೆದು ಮುಗಿಸುತ್ತಾರೆ. ಅವರು ಕೇಳಬೇಕಿದ್ದ ಪ್ರಶ್ನೆ ಇದು: ಇದರಲ್ಲಿ ವಯಸ್ಸಿನದೆಷ್ಟು, ಟಿವಿಯದೆಷ್ಟು? ಯಾರೂ ಕೇಳುವುದಿಲ್ಲ. ಕೇಳಿದಂತೆಯೇ ಅಂದುಕೊಂಡು ಹೇಳಿಬಿಡುತ್ತೇನೆ.

ಕೈ ಓಡದ ವಿಷಯ ಮೊದಲು. ಈಗಿನ ಟಿವಿಗಳು ಬಂದ ಚಿತ್ರವನ್ನು ಬಂದಹಾಗೆ ತೋರಿಸುವುದಿಲ್ಲ. ಬಣ್ಣ ತಿದ್ದಿ, ಅಂಚು ಚೂಪು ಮಾಡಿ, ಚಲನೆ ನಯ ಮಾಡಿ ಆಮೇಲೆ ತೋರಿಸುತ್ತವೆ. ಈ ಅಲಂಕಾರಕ್ಕೆ ಹಲವು ಟಿವಿಗಳಲ್ಲಿ 100 ಮಿಲಿಸೆಕೆಂಡ್ ಆಸುಪಾಸು ಹಿಡಿಯುತ್ತದೆ. ಆಟದಲ್ಲಿ ಸೆಕೆಂಡಿಗೆ 60 ಚಿತ್ರ ಎಂದರೆ ಒಂದಕ್ಕೆ 16.7 ಮಿಲಿಸೆಕೆಂಡ್. ಅಂದರೆ ನೀವು ಗುಂಡಿ ಒತ್ತಿದ್ದು ಪರದೆಯ ಮೇಲೆ ಕಾಣುವಷ್ಟರಲ್ಲಿ ಆರು ಚಿತ್ರ ದಾಟಿಹೋಗಿರುತ್ತವೆ. ಹಳ್ಳ ಹಾರಬೇಕಾದವನು ಹಳ್ಳದಲ್ಲಿ ಬೀಳುತ್ತಾನೆ. ಪಿಕ್ಚರ್ ಮೆನುವಿಗೆ ಹೋಗಿ ಗೇಮ್ ಮೋಡ್ ಹಾಕಿ, ಈ ತಡ ಸಾಮಾನ್ಯವಾಗಿ 20ಕ್ಕಿಂತ ಕೆಳಗೆ ಇಳಿಯುತ್ತದೆ. ನೆನಪಿರಲಿ, ಈ ಆಯ್ಕೆ ಬಹಳಷ್ಟು ಟಿವಿಗಳಲ್ಲಿ ಎಚ್‌ಡಿಎಂಐ ಪೋರ್ಟಿಗೊಂದರಂತೆ ಬೇರೆಬೇರೆ. ಸೆಟ್‌ಟಾಪ್ ಬಾಕ್ಸ್ ನೋಡುತ್ತ ಗೇಮ್ ಮೋಡ್ ಹಾಕಿದರೆ ಕನ್ಸೋಲಿಗೆ, ಅಂದರೆ ಆಟದ ಪೆಟ್ಟಿಗೆಗೆ, ಅದು ಅನ್ವಯ ಆಗುವುದಿಲ್ಲ. ಕನ್ಸೋಲಿನ ಚಿತ್ರ ಪರದೆಯ ಮೇಲೆ ಇರುವಾಗಲೇ ಹಾಕಬೇಕು.

‘ನಾನು ಸ್ಟಿಕ್ಕು ಬಿಟ್ಟರೂ ಆಟದ ಬೊಂಬೆ ತಾನೇ ನಡೆಯುತ್ತೆ, ನನ್ನ ಕೈ ನಡುಗುತ್ತಿರಬೇಕು.’ ಕೈ ನಡುಗುತ್ತಿಲ್ಲ, ಸ್ಟಿಕ್ಕು ಸವೆದಿದೆ. ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ಹೆಬ್ಬೆರಳಿನ ಸ್ಟಿಕ್ಕಿನ ಕೆಳಗೆ ಎರಡು ಪೊಟೆನ್ಶಿಯೋಮೀಟರ್ ಇರುತ್ತವೆ, ಹಳೆಯ ರೇಡಿಯೋದ ವಾಲ್ಯೂಮ್ ತಿರುಗಣೆಯ ತಮ್ಮಂದಿರು. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಿಗೆ ಓಡಾಡಿ ಓಡಾಡಿ ಪಟ್ಟಿ ಸವೆಯುತ್ತದೆ, ಪುಡಿ ಅಲ್ಲೇ ಕೂರುತ್ತದೆ. ಹಳೆಯ ರೇಡಿಯೋ ತಿರುಗಿಸಿದರೆ ‘ಕರ್’ ಅನ್ನುತ್ತಿತ್ತಲ್ಲ, ಅದೇ ಕಾಯಿಲೆ. ಮೊದಲು ಆಟದ ಸೆಟ್ಟಿಂಗಿನಲ್ಲಿ ಡೆಡ್‌ಝೋನ್ ಹುಡುಕಿ, ಸ್ಟಿಕ್ಕಿನ ಎಷ್ಟು ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುವ ಅಂಕ ಅದು. ಐದರಿಂದ ಶುರುಮಾಡಿ ಒಂದೊಂದೇ ಅಂಕ ಏರಿಸುತ್ತ ಬೊಂಬೆ ನಿಂತ ಕಡೆ ನಿಲ್ಲಿಸಿ. ಹದಿನೈದು ದಾಟಿದರೆ ಸೂಕ್ಷ್ಮವಾಗಿ ಗುರಿ ಹಿಡಿಯುವುದು ಕಷ್ಟ. ಆಗ ತೊಳೆಯುವುದೇ ದಾರಿ. ಕಂಟ್ರೋಲರ್ ಆಫ್ ಮಾಡಿ, ಬ್ಯಾಟರಿ ತೆಗೆಯುವಂತಿದ್ದರೆ ತೆಗೆಯಿರಿ. ಸ್ಟಿಕ್ಕನ್ನು ಒಂದು ಬದಿಗೆ ವಾಲಿಸಿ ಸಂದಿಯಲ್ಲಿ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ ಬಿಡಿ. ಇಪ್ಪತ್ತು ಮೂವತ್ತು ಸಲ ಗುಂಡಗೆ ತಿರುಗಿಸಿ, ಅರ್ಧ ಗಂಟೆ ಒಣಗಲು ಬಿಡಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತದೆ, ಜಿಡ್ಡು ಉಳಿಯುತ್ತದೆ. ಕೊಬ್ಬರಿ ಎಣ್ಣೆ ಬಿಡುವ ಮಹನೀಯರೂ ಇದ್ದಾರೆ. ಸ್ವಾಮಿ, ಅದು ಬಾಗಿಲಿನ ಕೀಲಲ್ಲ.

ತೊಳೆದರೆ ಕೆಲವು ವಾರ, ಅದೃಷ್ಟ ಇದ್ದರೆ ಕೆಲವು ತಿಂಗಳು ಬರುತ್ತದೆ. ಪಟ್ಟಿಯೇ ಸವೆದಿದ್ದರೆ ಸ್ಟಿಕ್ಕಿನ ಮಾಡ್ಯೂಲ್ ಬದಲಿಸಬೇಕು. ಅದು ಹದಿನಾಲ್ಕು ಕಡೆ ಬೆಸುಗೆ ಬಿಡಿಸಿ ಮತ್ತೆ ಹಾಕುವ ಕೆಲಸ, ಬೆಸುಗೆ ಕಡ್ಡಿ ಹಿಡಿದು ಪಳಗಿದವರಿಗೆ ಮಾತ್ರ. ಹೊಸದು ಕೊಳ್ಳುವವರು ‘ಹಾಲ್ ಎಫೆಕ್ಟ್’ ಸ್ಟಿಕ್ ಇರುವುದನ್ನು ಕೇಳಿ. ಅದರಲ್ಲಿ ಪಟ್ಟಿಯ ಬದಲು ಅಯಸ್ಕಾಂತ, ಉಜ್ಜಾಟವೇ ಇಲ್ಲದ್ದರಿಂದ ಈ ಸವೆತ ಇಲ್ಲ.

ಈಗ ಕಿವಿ. ‘ಮಾತು ಕೇಳಿಸಲ್ಲ ಅಂತ ಜೋರು ಮಾಡಿದ್ರೆ ಫೈಟು ಬಂದಾಗ ಮನೆ ಅದುರುತ್ತೆ.’ ನಿವೃತ್ತರಿರುವ ಮನೆಗಳಲ್ಲಿ ರಿಮೋಟು ಕೈಬಿಡದಿರುವುದು ಇದಕ್ಕೇ. ಇಲ್ಲಿ ವಯಸ್ಸಿನ ಪಾಲು ನಿಜವಾಗಿಯೂ ಇದೆ, ಒಪ್ಪಿಕೊಳ್ಳುತ್ತೇನೆ. ವಯಸ್ಸಾದಂತೆ ಮೊದಲು ಕುಗ್ಗುವುದು ಕೀರಲು ದನಿಗಳನ್ನು ಹಿಡಿಯುವ ಶಕ್ತಿ. ಸ, ಶ, ತ, ಕ, ಪ ಥರದ ವ್ಯಂಜನಗಳ ಗುರುತು ಇರುವುದು ಹೆಚ್ಚಾಗಿ ಅಲ್ಲಿಯೇ, ಸ್ವರಗಳ ಬಲ ಕೆಳಗಿನ ದನಿಗಳಲ್ಲಿ. ಹಾಗಾಗಿ ಸಾಲು, ಕಾಲು, ಪಾಲು, ಹಾಲು ಎಲ್ಲ ‘ಆಲು’ ಆಗುತ್ತವೆ. ವಾಲ್ಯೂಮ್ ಏರಿಸಿದರೆ ‘ಆಲು’ ಜೋರಾಗುತ್ತದೆ, ಯಾವ ಆಲು ಅನ್ನುವುದು ತಿಳಿಯುವುದಿಲ್ಲ.

ಉಳಿದ ಪಾಲು ಟಿವಿಯದು. ಸಿನಿಮಾದ 5.1 ಧ್ವನಿಯಲ್ಲಿ, ಅಂದರೆ ಐದು ಸ್ಪೀಕರು ಮತ್ತು ಒಂದು ಬೇಸ್ ಡಬ್ಬದ ಲೆಕ್ಕದಲ್ಲಿ, ಸಂಭಾಷಣೆ ಹೆಚ್ಚಾಗಿ ನಡುವಿನ ಸ್ಪೀಕರಿಗೆ ಮೀಸಲು. ತೆಳ್ಳಗಿನ ಟಿವಿಯಲ್ಲಿ ಇರುವುದು ಎರಡು ಪುಟ್ಟ ಸ್ಪೀಕರು, ಅವೂ ನೆಲಕ್ಕೋ ಹಿಂದಿನ ಗೋಡೆಗೋ ಮುಖ ಮಾಡಿರುತ್ತವೆ. ಮಾತು ನಿಮಗೆ ಬರುವುದು ಗೋಡೆಯ ಮೂಲಕ. ಆಪ್‌ನಲ್ಲೋ ಸೆಟ್‌ಟಾಪ್ ಬಾಕ್ಸಿನಲ್ಲೋ ಆಡಿಯೋ ಆಯ್ಕೆ 5.1 ಅಂತಿದ್ದರೆ ಸ್ಟೀರಿಯೋ ಮಾಡಿ. ಟಿವಿಯ ಸೌಂಡ್ ಮೆನುವಿನಲ್ಲಿ ಕ್ಲಿಯರ್ ವಾಯ್ಸ್ ಅಥವಾ ಸ್ಪೀಚ್ ಅಂತ ಏನಿದೆಯೋ ಅದನ್ನು ಹಾಕಿ, ನೈಟ್ ಮೋಡ್ ಇದ್ದರೆ ಅದನ್ನೂ. ಅದು ಪಿಸುಮಾತು ಎತ್ತಿ ಗುದ್ದಾಟ ಇಳಿಸುತ್ತದೆ. ದಪ್ಪ ದನಿ, ಕೀರಲು ದನಿಗಳನ್ನು ಬೇರೆಬೇರೆಯಾಗಿ ಏರಿಳಿಸುವ ಈಕ್ವಲೈಸರ್ ಇದ್ದರೆ 100 ಹರ್ಟ್ಸ್ ಪಟ್ಟಿಯನ್ನು ನಾಲ್ಕೈದು ಗೆರೆ ಇಳಿಸಿ, 3 ಕಿಲೋಹರ್ಟ್ಸ್ ಪಟ್ಟಿಯನ್ನು ಮೂರು ಗೆರೆ ಏರಿಸಿ. ಅಷ್ಟಕ್ಕೇ ‘ಹಾಲು’ ಹಾಲಾಗಿ ಕೇಳಿದರೆ ದುಡ್ಡು ಉಳಿಯಿತು.

ಉಳಿಯದಿದ್ದರೆ ಸೌಂಡ್‌ಬಾರ್, ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರು. ಡಬ್ಬದ ಮೇಲೆ 2.1 ಅಲ್ಲ, 3.1 ಅಂತ ಇರುವುದನ್ನು ನೋಡಿ. ಆ ಮೂರನೆಯದೇ ಮಾತಿನ ಸ್ಪೀಕರು. ಅಂಗಡಿಯವನು ‘ಬೇಸ್ ಸಖತ್ತಾಗಿದೆ ಸಾರ್’ ಅಂದರೆ ನಮಗೆ ಬೇಡವಾದದ್ದೇ ಸಖತ್ತಾಗಿದೆ ಅಂತ ಅರ್ಥ. ಜೋಡಿಸುವಾಗ ಟಿವಿಯ ಹಿಂದೆ ಎಆರ್‌ಸಿ ಅಥವಾ ಇ-ಎಆರ್‌ಸಿ ಅಂತ ಬರೆದಿರುವ ಎಚ್‌ಡಿಎಂಐ ಪೋರ್ಟಿಗೇ ವೈರು ಹಾಕಬೇಕು. ಸಾಮಾನ್ಯವಾಗಿ ಅದು ಒಂದೇ ಇರುತ್ತದೆ. ಪಕ್ಕದ್ದಕ್ಕೆ ಹಾಕಿ ‘ಸೌಂಡೇ ಬರಲ್ಲ, ಡಿಫೆಕ್ಟ್ ಪೀಸು’ ಅಂತ ವಾಪಸು ಕೊಟ್ಟವರನ್ನು ಬಲ್ಲೆ.

ಚಿತ್ರದ ಬಗ್ಗೆ ಬೇಗ ಹೇಳುತ್ತೇನೆ, ಇಲ್ಲದಿದ್ದರೆ ನಿಲ್ಲುವುದಿಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಟಿವಿ ಮಧ್ಯೆ ತನ್ನದೇ ಚಿತ್ರಗಳನ್ನು ಹುಟ್ಟಿಸಿ ತುರುಕಿದಾಗ ದೊಡ್ಡ ಸಿನಿಮಾ ಕೂಡ ಮಧ್ಯಾಹ್ನದ ಧಾರಾವಾಹಿಯ ಹಾಗೆ ಕಾಣುತ್ತದೆ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ, ಹೆಸರು ಯಾವುದಾದರೂ ಸಿನಿಮಾಕ್ಕೆ ಆಫ್. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದೇ ಸಾಕು. ಕ್ರಿಕೆಟ್ಟಿಗೆ ಬೇಕಾದರೆ ಇಟ್ಟುಕೊಳ್ಳಿ.

ಮತ್ತೆ ಆ ಹಿಗ್ಗಿಸುವ ಚಟ. ದೂರದರ್ಶನದ ಕಾಲದ ಕಾರ್ಯಕ್ರಮಗಳ ಅಳತೆ 4:3, ಅಗಲ ನಾಲ್ಕಾದರೆ ಎತ್ತರ ಮೂರು. ಅದನ್ನು ಈಗಿನ ಟಿವಿಯ 16:9ಕ್ಕೆ ಎಳೆದರೆ ಪ್ರತಿ ಮುಖವೂ ಮೂರನೇ ಒಂದು ಪಾಲು ಅಗಲವಾಗುತ್ತದೆ. ಹಳೆಯ ಪ್ರಿಂಟುಗಳಲ್ಲಿ ಅಣ್ಣಾವ್ರ ಕೆನ್ನೆ ಉಬ್ಬಿಸಿ ನೋಡುವವರು ನನ್ನ ವಯಸ್ಸಿನ ಬಗ್ಗೆ ಮಾತಾಡುತ್ತಾರೆ! ಟಿವಿಗಿಂತ ಅಗಲವಾದ ಸಿನಿಮಾಸ್ಕೋಪ್ ಚಿತ್ರದ್ದು ಇದರ ತಿರುಗುಮುರುಗು. 43 ಇಂಚಿನ ಟಿವಿಯಲ್ಲಿ ಮೇಲೆ ಕೆಳಗೆ ಎರಡೂವರೆ ಇಂಚು ಕಪ್ಪು ಪಟ್ಟಿ ಬರಲೇಬೇಕು. ಅದು ಇಷ್ಟವಿಲ್ಲವೆಂದು ಝೂಮ್ ಮಾಡಿದರೆ ಎಡಬಲದಲ್ಲಿ ಸೇರಿ ಹತ್ತಿರ ಹತ್ತಿರ ಕಾಲು ಭಾಗ ಚಿತ್ರ ಹೋಯಿತು. ಎರಡಕ್ಕೂ ಮದ್ದು ಒಂದೇ, ಪಿಕ್ಚರ್ ಸೈಜ್‌ನಲ್ಲಿ ‘ಒರಿಜಿನಲ್’.

ಕತ್ತು ನೋವಿಗೆ ಕಾರಣ ಟಿವಿಯನ್ನು ದೇವರ ಫೋಟೊ ಥರ ಎತ್ತರಕ್ಕೆ ತಗುಲಿಹಾಕಿರುವುದು. ಪ್ರೋಗ್ರೆಸ್ಸಿವ್ ಕನ್ನಡಕದಲ್ಲಿ ದೂರ ನೋಡುವ ಭಾಗ ಮೇಲಿದೆ, ಓದುವ ಭಾಗ ಕೆಳಗಿದೆ. ತಲೆ ಹಿಂದಕ್ಕೆ ಬಾಗಿಸಿದರೆ ಓದುವ ಭಾಗದಿಂದ ಟಿವಿ ನೋಡಿದಂತಾಗಿ ಮಂಜು ಮಂಜು. ಆಮೇಲೆ ‘ಕಣ್ಣೂ ಹೋಯ್ತು’. ಕೂತಾಗ ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಇರಬೇಕು, ಸಾಮಾನ್ಯ ಕುರ್ಚಿಗೆ ನೆಲದಿಂದ ಮೂರೂವರೆ ಅಡಿ. ದೂರಕ್ಕೆ ಇಂಚನ್ನು 1.6ರಿಂದ ಗುಣಿಸಿ: 43 ಇಂಚಿಗೆ ಆರಡಿಗೆ ಸ್ವಲ್ಪ ಕಡಿಮೆ, 55 ಇಂಚಿಗೆ ಏಳು ಅಡಿ ನಾಲ್ಕು ಇಂಚು.

ಕೊನೆಗೆ ಕರೆಂಟು. ಮನೆಯಲ್ಲಿ ಇನ್ವರ್ಟರ್ ಇದ್ದೂ ಕರೆಂಟು ಹೋದಾಗ ಕನ್ಸೋಲ್ ಆರಿ ಹತ್ತಿದರೆ, ಇನ್ವರ್ಟರಿನ ಹಿಂದಿರುವ ಪುಟ್ಟ ಸ್ವಿಚ್ ನೋಡಿ. ನಾರ್ಮಲ್‌ನಿಂದ ಯುಪಿಎಸ್ ಕಡೆಗೆ ತಳ್ಳಿದರೆ ಬದಲಾವಣೆ ಬೇಗ ಆಗುತ್ತದೆ. ಆದರೆ ಹಾಗೆ ಇಟ್ಟರೆ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹಾರುತ್ತದೆ. ವೋಲ್ಟೇಜ್ ಕುಣಿಯುವ ಕಡೆ ಬ್ಯಾಟರಿ ಬೇಗ ಬಳಲುತ್ತದೆ. ಆಟ ‘ಸೇವ್’ ಆಗುತ್ತಿರುವ ಗುರುತು ಮೂಲೆಯಲ್ಲಿ ತಿರುಗುತ್ತಿರುವಾಗ ಕರೆಂಟು ಹೋದರೆ ಫೈಲೇ ಕೆಡಬಹುದು. ಸ್ಟಾರ್‌ಡ್ಯೂನಲ್ಲಿ ಸೇವ್ ಆಗುವುದು ಬೊಂಬೆ ರಾತ್ರಿ ಮಲಗಿದಾಗ, ಅಲ್ಲಿನ ಒಂದು ದಿನ ಎಂದರೆ ನಮ್ಮ 14 ನಿಮಿಷ. ಹಗಲು ಹೊತ್ತಿನಲ್ಲಿ ಕರೆಂಟು ಹೋದರೆ ನಷ್ಟ ಆ ಒಂದು ದಿನದ್ದು. ಹೂಕೋಸಿಗೆ ಮತ್ತೆ ನೀರು ಹಾಕಿದರಾಯಿತು.