ಮುಖ ಅವರದು, ಗಂಟಲು ಜಯಶ್ರೀಯವರದು

ಬೆಂಗಳೂರು, ಶನಿವಾರ, ಆಗಸ್ಟ್ 24, 2024

ಇವತ್ತು ಬೆಳಿಗ್ಗೆಯಿಂದ ಸಂಜೆವರೆಗೂ ಗಾಂಧಿನಗರದ ಸ್ಟುಡಿಯೊದಲ್ಲಿ ಅತ್ತೆಯಾಗಿದ್ದೆ. ತೆಲುಗಿನಿಂದ ಡಬ್ ಆಗುತ್ತಿರುವ ಧಾರಾವಾಹಿ. ಜರತಾರಿ ಸೀರೆ ಉಟ್ಟು ಪರದೆ ಮೇಲೆ ಉರಿದುಬೀಳುವವಳು ಯಾರೋ, ಕತ್ತಲ ಕೋಣೆಯಲ್ಲಿ ನಿಂತು ಅವಳ ಸಿಟ್ಟು ಹೊರುವವಳು ನಾನು. ಇವತ್ತಿನ ಸೀನಿನಲ್ಲಿ ಆಯಮ್ಮ ಮೆಟ್ಟಿಲು ಹತ್ತುತ್ತಾ ಸೊಸೆಯನ್ನು ಬೈಯಬೇಕು. ಸುಮ್ಮನೆ ನಿಂತು ಬೈದರೆ ಸುಳ್ಳು ಗೊತ್ತಾಗುತ್ತದೆ, ಉಸಿರು ಹೊಂದುವುದಿಲ್ಲ. ಬಳೆ ಬಿಚ್ಚಿಟ್ಟೆ. ಸರಬರ ಎನ್ನುವ ಬಟ್ಟೆ ನಮ್ಮಲ್ಲಿ ನಿಷಿದ್ಧ, ಅದಕ್ಕೇ ಯಾವಾಗಲೂ ಹಳೇ ಕಾಟನ್ ಚೂಡಿದಾರ್. ಚಪ್ಪಲಿ ಹೊರಗೆ. ಬಾಯಿ ಮೈಕಿನಿಂದ ಆಚೀಚೆ ಹೋಗದ ಹಾಗೆ ನಿಂತಲ್ಲೇ ಮೊಣಕಾಲು ಬಗ್ಗಿಸಿ ಎದ್ದು, ಬಗ್ಗಿಸಿ ಎದ್ದು ಬೈದೆ. ‘ಓಕೆ ಮೇಡಂ, ಆದ್ರೆ ಹೊಟ್ಟೆ ಗುರ್ ಅಂದಿದ್ದು ಬಂದಿದೆ, ಒನ್ ಮೋರ್’ ಅಂದರು ಇಂಜಿನಿಯರ್. ಊಟಕ್ಕೆ ಬಿಡದಿದ್ದರೆ ಹೊಟ್ಟೆ ಮತ್ತೇನು ಮಾಡುತ್ತದೆ?

ಸೊಸೆಯ ಧ್ವನಿಗೆ ಬರುವ ಹುಡುಗಿ ಇನ್ನೂ ಕಾಲೇಜಿನಲ್ಲಿದ್ದಾಳೆ. ಊಟದ ಹೊತ್ತಿಗೆ ಸಪ್ಪಗೆ ಕೂತು, ‘ಆ್ಯಕ್ಟ್ ಮಾಡ್ಬೇಕು ಅಂತ ಬಂದೆ ಅಕ್ಕ, ಬರೀ ಡಬ್ಬಿಂಗ್ ಆಗೋಯ್ತು’ ಅಂದಳು. ಬೇಸರವಾಯಿತು, ಬೈಯಲಿಲ್ಲ. ಬಿ. ಜಯಶ್ರೀ ಗೊತ್ತೇನೇ ಅಂತ ಕೇಳಿದೆ. ‘ಕಾರ್ ಕಾರ್ ಹಾಡಿದ್ದಾರಲ್ಲ?’ ಅಂದಳು. ಸರಿಯೇ. 2001ರ ‘ನನ್ನ ಪ್ರೀತಿಯ ಹುಡುಗಿ’ಯ ಆ ಹಾಡಿನಿಂದಲೇ ಅವಳ ವಯಸ್ಸಿನವರಿಗೆ ಆ ಕಂಠದ ಪರಿಚಯ. ಉಳಿದದ್ದನ್ನು ಮೊಸರನ್ನ ಆರುವವರೆಗೂ ನಾನೇ ಹೇಳಿದೆ. ಹೇಳಿ ಮುಗಿಯದಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜಯಶ್ರೀಯವರ ಬಗ್ಗೆ ಯಾರೇ ಬರೆಯಲಿ, ಮೊದಲ ಸಾಲು ಗುಬ್ಬಿ ವೀರಣ್ಣನವರ ಮೊಮ್ಮಗಳು ಅಂತಲೇ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಆದರೆ ಗಂಟಲಿನ ಮಾತು ಬಂದರೆ ಆ ಮನೆಯನ್ನು ಬಿಟ್ಟು ಹೇಳುವಂತೆಯೂ ಇಲ್ಲ. ತಾಯಿ ಜಿ.ವಿ. ಮಾಲತಮ್ಮ, ಗುಬ್ಬಿ ನಾಟಕ ಕಂಪನಿ ನಡೆಸಿದ ವೀರಣ್ಣನವರ ಮಗಳು, ಅವರೂ ರಂಗನಟಿ. ಕಂಪನಿ ನಾಟಕ ಅಂದರೆ ಮೈಕ್ ಇಲ್ಲದ ಕಾಲದಿಂದ ಬಂದ ವಿದ್ಯೆ. ಹಾಡಲಿ, ಅಳಲಿ, ಪಿಸುಗುಟ್ಟಲಿ, ಚಾಪೆಯ ಮೇಲೆ ಕಡೆಗೆ ಕೂತವನಿಗೂ ಕೇಳಬೇಕು. 1950ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹುಡುಗಿ ಅಂಥ ಸದ್ದಿನ ನಡುವೆ ಬೆಳೆದು, ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ ಪಳಗಿದರು. 1973ರಲ್ಲಿ ಅಲ್ಲಿಂದ ಪದವಿ. ಅಲ್ಕಾಜಿಯವರದು ಅಳತೆಯ ಶಿಸ್ತು, ಕಂಪನಿಯದು ಜನರ ಚಪ್ಪಾಳೆ ನೋಡಿಕೊಂಡು ಹಾಡನ್ನು ಮತ್ತೆ ಎತ್ತಿಕೊಳ್ಳುವ ಜಾಯಮಾನ. ಈ ಎರಡರಲ್ಲಿ ಒಂದನ್ನು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಎರಡನ್ನೂ ಉಳಿಸಿಕೊಂಡವರು ಬಿ.ವಿ. ಕಾರಂತರು, ಅವರೂ ಗುಬ್ಬಿ ಕಂಪನಿಯಲ್ಲೇ ಬೆಳೆದ ಹುಡುಗ. ಆಮೇಲೆ ಜಯಶ್ರೀ.

1976ರಲ್ಲಿ ‘ಸ್ಪಂದನ’ ತಂಡ ಕಟ್ಟಿದರು. ‘ಲಕ್ಷಾಪತಿ ರಾಜನ ಕಥೆ’, ಕಂಬಾರರ ‘ಕರಿಮಾಯಿ’, ಇನ್ನೂ ಎಷ್ಟೋ. ರಂಗದ ಮೇಲೆ ಅವರು ಎತ್ತುಗಡೆ ತೆಗೆದುಕೊಂಡರೆ ಸಾಕು, ಮೇಳದವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಸದಾರಮೆ’ಯ ಕಳ್ಳ. ಹೌದು, ಸದಾರಮೆ ಅಲ್ಲ, ಕಳ್ಳ. ತಾತ ಮಾಡಿ ನಾಡಿಗೆಲ್ಲ ಹೆಸರಾದ ಪಾತ್ರವನ್ನು ಮೊಮ್ಮಗಳು ಎತ್ತಿಕೊಂಡರು. ಹೆಂಗಸು ಗಂಡಸಿನ ಪಾತ್ರ ಮಾಡಿದಾಗ ದನಿಯನ್ನು ದಪ್ಪ ಮಾಡಿಕೊಂಡು ಮೀಸೆ ತೀಡುವುದು ಸುಲಭದ ದಾರಿ. ಅವರು ಹಾಗೆ ಮಾಡುವುದಿಲ್ಲ. ಸ್ವರ ತಮ್ಮದೇ, ಆದರೆ ಮಾತನ್ನು ಅರ್ಧಕ್ಕೆ ತಡೆದು, ಜನರ ಕಡೆ ಒಂದು ನೋಟ ಎಸೆದು, ನಗು ಇನ್ನೇನು ಇಳಿಯುತ್ತದೆ ಅನ್ನುವಾಗ ಉಳಿದರ್ಧ ಬಿಡುತ್ತಾರೆ. ಆ ಕಾಯುವಿಕೆಯಲ್ಲಿದೆ ಕಳ್ಳತನವೆಲ್ಲ. ನಮ್ಮ ಮನೆಯಲ್ಲಿ ನಾಟಕ ಅಂದರೆ ಆಕಳಿಸುವವರೂ ಆ ಸೀನಿಗೆ ಮುಂದಕ್ಕೆ ಬಾಗಿ ಕೂತಿದ್ದರು.

ಇಂಥ ಗಂಟಲಿನವರು ಸಿನಿಮಾಕ್ಕೆ ಬಂದು ಏನು ಮಾಡಿದರು? ಮಾಧವಿ, ಗಾಯತ್ರಿ, ಜಯಪ್ರದಾ, ಅಂಬಿಕಾ, ಸುಮಲತಾ, ಇವರಿಗೆಲ್ಲ ಧ್ವನಿ ಕೊಟ್ಟರು. ಪರಭಾಷೆಯ ಚಿತ್ರಗಳು ಡಬ್ ಆಗಿ ಕನ್ನಡಕ್ಕೆ ಬರುವಂತಿರಲಿಲ್ಲ, ಪರಭಾಷೆಯ ನಾಯಕಿಯರು ಮಾತ್ರ ಧಾರಾಳವಾಗಿ ಬರುತ್ತಿದ್ದರು. ರಾಜ್‌ಕುಮಾರ್, ವಿಷ್ಣುವರ್ಧನ್ ಎದುರು ನಿಂತು ಅವರು ತುಟಿ ಆಡಿಸಿದ ಕನ್ನಡವನ್ನು ನಾಡಿಗೆ ಕೇಳಿಸಲು ಒಬ್ಬರು ಬೇಕಿತ್ತು. ಕಡೇ ಸಾಲಿಗೆ ಮುಟ್ಟಿಸುವುದನ್ನು ಕಲಿತ ಗಂಟಲು ಇಲ್ಲಿ ಮೈಕಿಗೆ ಗೇಣು ದೂರದಲ್ಲಿ ನಾಚಬೇಕು. ಅದೂ ಇನ್ನೊಬ್ಬರ ನಾಚಿಕೆಯನ್ನು, ಅವರು ನಾಚಿದಷ್ಟೇ ಹೊತ್ತು. ಈ ಇಳಿಸಿಕೊಳ್ಳುವ ಕೆಲಸ ಏರಿಸುವುದಕ್ಕಿಂತ ಕಷ್ಟ. ಅನುಭವದ ಮೇಲೆ ಹೇಳುತ್ತಿದ್ದೇನೆ, ರಂಗದಿಂದ ಬಂದವರ ಮೊದಲ ಟೇಕಿಗೆ ಇಂಜಿನಿಯರ್ ಹೆಡ್‌ಫೋನ್ ಕಿತ್ತೆಸೆಯುತ್ತಾರೆ.

ಆಗಿನ ರೀತಿಯೂ ಬೇರೆ. ರೀಲನ್ನು ಸಣ್ಣ ಸಣ್ಣ ಲೂಪ್ ಮಾಡಿ ಮತ್ತೆ ಮತ್ತೆ ಓಡಿಸುತ್ತಿದ್ದರು. ಸೀನಿನಲ್ಲಿರುವ ಕಲಾವಿದರೆಲ್ಲ ಒಟ್ಟಿಗೆ ನಿಲ್ಲಬೇಕು, ಒಬ್ಬರು ತೊದಲಿದರೆ ಎಲ್ಲರಿಗೂ ಮೊದಲಿನಿಂದ. ನಮಗೀಗ ಒಂಟಿ ಕೋಣೆ, ತಪ್ಪಿದ ಪದವನ್ನಷ್ಟೇ ಪಂಚ್ ಮಾಡಿ ಸೇರಿಸುತ್ತಾರೆ. ಸೊಸೆಯ ಮುಖ ನೋಡದೆ ಅವಳನ್ನು ತಿಂಗಳುಗಟ್ಟಲೆ ಬೈದಿದ್ದೇನೆ, ಇವತ್ತು ಊಟಕ್ಕೆ ಜೊತೆಯಾದದ್ದೇ ದೊಡ್ಡದು. 2015ರಲ್ಲಿ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಸ್ಪರ್ಧಾ ಆಯೋಗದ ಆದೇಶ ಬಂತು, 2020ರ ಲಾಕ್‌ಡೌನಿನಲ್ಲಿ ಡಬ್ ಆದ ಧಾರಾವಾಹಿಗಳು ಮನೆಮನೆಗೆ ನುಗ್ಗಿದವು. ನಮಗೆ ಕೈತುಂಬ ಕೆಲಸ. ಟೈಟಲ್ ಕಾರ್ಡಿನಲ್ಲಿ ಹೆಸರು? ನನ್ನ ಅತ್ತೆಯ ಧಾರಾವಾಹಿಯಲ್ಲಿ ಚಹಾ ಸರಬರಾಜಿನವರ ಹೆಸರಿದೆ, ಪಾಪ, ಒಳ್ಳೇ ಚಹಾ.

ಹೋದ ವಾರ ಅಮ್ಮ ಮಧ್ಯಾಹ್ನ ಟಿವಿಯಲ್ಲಿ ಜಯಪ್ರದಾ ನೋಡುತ್ತಾ, ‘ಎಷ್ಟು ಚೆನ್ನಾಗಿ ಕನ್ನಡ ಕಲ್ತಿದ್ಲು ನೋಡು’ ಅಂದರು. ಇಂಥವರಿಗೆಲ್ಲ ಜಯಶ್ರೀ ಧ್ವನಿ ಕೊಡ್ತಿದ್ರಮ್ಮ ಅಂದೆ. ‘ಯಾವ ಜಯಶ್ರೀ? ಕರಿಮಾಯಿ ಜಯಶ್ರೀನಾ? ಸುಮ್ನಿರೇ, ಆ ಗಂಟ್ಲೆಲ್ಲಿ, ಇದೆಲ್ಲಿ!’ ಅಮ್ಮ ಕಲಾಕ್ಷೇತ್ರದಲ್ಲಿ ಅವರ ನಾಟಕ ನೋಡಿ ಬೆಳೆದವರು. ಅವರಿಗೇ ನಂಬಿಕೆ ಬರಲಿಲ್ಲ. ಇದಕ್ಕಿಂತ ದೊಡ್ಡ ಬಿರುದು ಯಾವ ಡಬ್ಬಿಂಗ್ ಕಲಾವಿದೆಗೆ ಸಿಕ್ಕೀತು?

ಬಿರುದುಗಳೇನೋ ಬಂದವು. 1996ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2010ರಲ್ಲಿ ರಾಜ್ಯಸಭೆಗೆ ನಾಮಕರಣ, 2013ರಲ್ಲಿ ಪದ್ಮಶ್ರೀ. ನಡುವೆ ಮೈಸೂರಿನ ರಂಗಾಯಣದ ನಿರ್ದೇಶಕಿಯೂ ಆಗಿದ್ದರು. ಪರದೆಯ ಮೇಲೆ ಅವರದೇ ಮುಖವೂ ಬಂತು, 1997ರ ‘ನಾಗಮಂಡಲ’ ನೋಡಿ. ಆದರೆ ಸಾಧನೆಯ ಪಟ್ಟಿಗಳಲ್ಲಿ ಡಬ್ಬಿಂಗ್‌ಗೆ ಸಿಗುವುದು ಕೊನೆಯ ಅರ್ಧ ವಾಕ್ಯ, ಅದೂ ‘ಕಂಠದಾನವನ್ನೂ ಮಾಡಿದ್ದಾರೆ’ ಅಂತ. ಯಾವ ಚಿತ್ರದಲ್ಲಿ ಯಾರಿಗೆ, ಯಾವ ಸ್ಟುಡಿಯೊದಲ್ಲಿ, ಎದುರಿಗೆ ಯಾರು ನಿಂತಿದ್ದರು? ಆ ಲೆಕ್ಕ ಆಗಿನ ಇಂಜಿನಿಯರುಗಳ, ಸಹ ನಿರ್ದೇಶಕರ ನೆನಪಿನಲ್ಲಿ ಒಂದಿಷ್ಟಾದರೂ ಇದ್ದೇ ಇರುತ್ತದೆ. ಅವರಿಗೂ ವಯಸ್ಸಾಯಿತು.

ನಮ್ಮ ಇಂಜಿನಿಯರ್‌ಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಮಲ್ಲೇಶ್ವರದಲ್ಲಿದ್ದಾರಂತೆ. ನಂಬರ್ ಇಸ್ಕೊಂಡಿದ್ದೇನೆ. ‘ಬೆಳಿಗ್ಗೆ ಹನ್ನೊಂದರ ಮೇಲೆ ಮಾಡಿ ಮೇಡಂ, ಕಿವಿ ಸ್ವಲ್ಪ ಮಂದ, ಜೋರಾಗಿ ಮಾತಾಡಿ’ ಅಂದಿದ್ದಾರೆ. ಸೊಸೆಯನ್ನೂ ಕರೆದುಕೊಂಡು ಹೋಗೋಣ ಅಂತಿದ್ದೇನೆ, ಬರೆದುಕೊಳ್ಳಲಿಕ್ಕೆ ಒಬ್ಬರು ಬೇಕು.